ಮತಚೀಟಿಯ ಪ್ರಶ್ನೆ: ‘ಹೌದು’ ಅಂದರೆ ಬೇಕು ಅಂತಲೋ, ಬೇಡ ಅಂತಲೋ?

ಮೂರನೇಬೆಂಚು:

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಎರಡು ದಿನದಿಂದ ತಲೆ ತಿನ್ನುತ್ತಿದೆ.

ನಾನು ಸದಸ್ಯನಾಗಿರುವ ಒಂದು ವಾಚನಾಲಯದಲ್ಲಿ ಭಾನುವಾರ ಬಾಗಿಲು ಮುಚ್ಚಬೇಕು ಅಂತ ಸಮಿತಿ ತೀರ್ಮಾನ ಮಾಡಿತ್ತು. ಸುಮಾರು ಜನ ತಕರಾರು ತೆಗೆದರು. ಸರಿ, ಸದಸ್ಯರನ್ನೇ ಕೇಳಿಬಿಡೋಣ ಅಂತ ಸಭೆಯಲ್ಲಿ ಚೀಟಿ ಹಂಚಿದರು. ಅದರಲ್ಲಿ ಇದ್ದದ್ದು ಇದು, ಒಂದಕ್ಷರ ಬದಲಿಸಿಲ್ಲ:

“ಭಾನುವಾರ ವಾಚನಾಲಯ ಮುಚ್ಚುವ ತೀರ್ಮಾನವನ್ನು ಹಿಂಪಡೆಯಬಾರದು ಎಂಬುದನ್ನು ತಾವು ಒಪ್ಪುವುದಿಲ್ಲವೇ?”

ಕೆಳಗೆ ಎರಡು ಚೌಕ. ಹೌದು. ಇಲ್ಲ.

ನನಗೆ ಭಾನುವಾರ ಬಾಗಿಲು ತೆರೆದಿರಬೇಕು. ‘ಹೌದು, ಒಪ್ಪುವುದಿಲ್ಲ’ ಅಂತ ಮನಸ್ಸಿನಲ್ಲೇ ಹೇಳಿಕೊಂಡು ‘ಹೌದು’ಗೆ ಗುರುತು ಹಾಕಿದೆ. ಮೆಟ್ಟಿಲು ಇಳಿಯುವಾಗ ಪಕ್ಕದಲ್ಲಿ ಕೂತಿದ್ದವರನ್ನು ಕೇಳಿದೆ. ಅವರು ಮುಚ್ಚಲಿ ಅನ್ನುವ ಕಡೆಯವರು. ಅವರೂ ‘ಹೌದು’ಗೇ ಹಾಕಿದ್ದಾರೆ! ‘ಹೌದು, ಹಿಂಪಡೆಯಬಾರದು’ ಅಂತ ಅವರ ಲೆಕ್ಕ. ಎಣಿಸಿದಾಗ ‘ಹೌದು’ ಗೆದ್ದಿತು. ಎರಡೂ ಕಡೆಯವರು ಚಪ್ಪಾಳೆ ಹೊಡೆದರು.

ನಮ್ಮದು ಚಿಕ್ಕ ಸಂಘ, ಬಿಡಿ. ಇಡೀ ದೇಶವನ್ನೇ ಒಂದು ಪ್ರಶ್ನೆ ಕೇಳುವ ಜನಮತಗಣನೆಯಲ್ಲಿ ಆ ವಾಕ್ಯ ಯಾರು ಬರೆಯುತ್ತಾರೆ? ಅಲ್ಲೂ ಹೀಗೆಲ್ಲ ಆಗುತ್ತಾ?

ಸುಮ್ನೆಓದುಗ:

ನಾಲ್ಕು ಸಲ ಓದಿದೆ ಸಾರ್. ಐದನೇ ಸಲಕ್ಕೆ ಧೈರ್ಯ ಬರಲಿಲ್ಲ.

ಅಲ್ಪವಿರಾಮ:

ಕರಡು ತಿದ್ದುವುದೇ ನನ್ನ ಕಸುಬು, ಹಾಗಾಗಿ ಬಾಯಿ ಹಾಕುತ್ತೇನೆ. ತಪ್ಪು ನಿಮ್ಮದೂ ಅಲ್ಲ, ಪಕ್ಕದವರದೂ ಅಲ್ಲ. ಆ ಒಂದು ಸಾಲಿನಲ್ಲಿ ‘ಬೇಡ’ ಅನ್ನುವುದು ನಾಲ್ಕು ಕಡೆ ಬಚ್ಚಿಟ್ಟುಕೊಂಡಿದೆ. ಮುಚ್ಚುವ, ಹಿಂಪಡೆಯ, ಬಾರದು, ಇಲ್ಲವೇ. ಪ್ರತಿಯೊಂದಕ್ಕೂ ಅರ್ಥ ಒಮ್ಮೆ ಪಲ್ಟಿ ಹೊಡೆಯುತ್ತದೆ.

ಇದರ ಮೇಲೆ ನಮ್ಮ ಭಾಷೆಯದೇ ಒಂದು ಗುಣ ಇದೆ. ‘ನೀವು ಬರಲ್ವಾ?’ ಅಂತ ಕೇಳಿದರೆ ನಾವು ‘ಹೌದು, ಬರಲ್ಲ’ ಅಂತೇವೆ. ಬರುವವರಾದರೆ ‘ಇಲ್ಲ ಇಲ್ಲ, ಬರ್ತೀನಿ’ ಅಂತೇವೆ. ಮಾತಿನಲ್ಲಿ ತೊಂದರೆ ಇಲ್ಲ, ಹಿಂದೆಯೇ ಬರುವ ‘ಬರಲ್ಲ’, ‘ಬರ್ತೀನಿ’ ಗಂಟು ಬಿಡಿಸುತ್ತದೆ. ಚೀಟಿಯಲ್ಲಿ ಆ ಎರಡನೇ ಪದಕ್ಕೆ ಜಾಗವೇ ಇಲ್ಲ. ಬರೀ ‘ಹೌದು’ ಉಳಿಯುತ್ತದೆ, ಅದು ಯಾವುದಕ್ಕೆ ಹೌದು ಅನ್ನುವುದು ಮತ ಹಾಕಿದವರ ತಲೆಯೊಳಗೇ ಉಳಿದುಬಿಡುತ್ತದೆ.

ಗಮನಿಸಿ, ನಾವು ದಿನನಿತ್ಯ ಹೌದು-ಇಲ್ಲ ಅಂತ ಉತ್ತರ ಕೊಡುವುದೇ ಕಡಿಮೆ. ಬೇಕಾ ಅಂದರೆ ಬೇಕು, ಬೇಡ. ಇದೆಯಾ ಅಂದರೆ ಇದೆ, ಇಲ್ಲ. ಅವನೇನಾ ಅಂದರೆ ಹೌದು, ಅಲ್ಲ. ಆಗುತ್ತಾ ಅಂದರೆ ಆಗುತ್ತೆ, ಆಗಲ್ಲ. ಕೇಳಿದ ಮಾತನ್ನೇ ತಿರುಗಿಸಿ ಕೊಡುವುದು ನಮ್ಮ ರೂಢಿ. ಚೀಟಿಯಲ್ಲೂ ಅದನ್ನೇ ಮಾಡಿದ್ದರೆ ಮುಗಿದಿತ್ತು.

ನಕ್ಷೆಪೆಟ್ಟಿಗೆ:

ಬೆಂಚಿನವರೇ, ನೀವೊಬ್ಬರೇ ಅಲ್ಲ. ಅಮೆರಿಕದ ಕೊಲರಾಡೊ ರಾಜ್ಯದ ಕತೆ ಕೇಳಿ.

ಅಲ್ಲಿನ ಸಂವಿಧಾನದಲ್ಲಿ ಗುಲಾಮಗಿರಿ ನಿಷೇಧ ಇತ್ತು. ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ಮಾತ್ರ ಇರಬಹುದು ಅಂತ ಹಳೆಯ ಬಾಲವೊಂದು ಅಂಟಿಕೊಂಡಿತ್ತು. ಆ ಬಾಲ ಕತ್ತರಿಸೋಣ ಅಂತ ಎರಡೂ ಪಕ್ಷದ ಶಾಸಕರು ಸೇರಿ 2016ರಲ್ಲಿ ಜನರ ಮುಂದಿಟ್ಟರು. ಯಾರು ತಾನೇ ಬೇಡ ಅಂತಾರೆ? ಮತಚೀಟಿಯಲ್ಲಿ ಹೇಗಿತ್ತು ಗೊತ್ತಾ? ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗೆ: “ಅಪರಾಧ ಸಾಬೀತಾದವರಿಗೆ ಶಿಕ್ಷೆಯಾಗಿ ಬಳಸುವಾಗ ಗುಲಾಮಗಿರಿಯ ನಿಷೇಧಕ್ಕೆ ಇರುವ ವಿನಾಯಿತಿಯನ್ನು ತೆಗೆದುಹಾಕುವ ತಿದ್ದುಪಡಿ ಆಗಬೇಕೇ?”

ನಿಷೇಧ, ಅದಕ್ಕೆ ವಿನಾಯಿತಿ, ಅದನ್ನು ತೆಗೆಯುವುದು. ಸಾಲಾಗಿ ಮೂರು ಪಲ್ಟಿ. ಗುಲಾಮಗಿರಿ ಬೇಡ ಅನ್ನುವವರಿಗೆ ‘ಇಲ್ಲ’ ಒತ್ತಬೇಕು ಅನ್ನಿಸಿದರೆ ಅವರನ್ನು ಬೈಯುವ ಹಾಗಿಲ್ಲ. ಕೂದಲೆಳೆಯಲ್ಲಿ ಸೋತಿತು, ಅರ್ಧಕ್ಕಿಂತ ಒಂಚೂರು ಹೆಚ್ಚು ಮತ ‘ಇಲ್ಲ’ ಕಡೆ ಬಿತ್ತು.

ಎರಡು ವರ್ಷ ಕಳೆದು 2018ರಲ್ಲಿ ಅದೇ ವಿಷಯ ಮತ್ತೆ ಬಂತು. ಈ ಸಲ, ಶಿಕ್ಷೆಯಾಗಿ ಗುಲಾಮಗಿರಿಯನ್ನು ನಿಷೇಧಿಸುವ, ಆ ಮೂಲಕ ಎಲ್ಲ ಸಂದರ್ಭದಲ್ಲೂ ನಿಷೇಧಿಸುವ ತಿದ್ದುಪಡಿ ಬೇಕೇ ಅಂತ ನೇರವಾಗಿ ಕೇಳಿದರು. ಮೂರನೇ ಎರಡು ಭಾಗದಷ್ಟು ಜನ ಹೌದು ಅಂದರು. ಜನ ಅವರೇ, ವಿಷಯ ಅದೇ. ವಾಕ್ಯ ಮಾತ್ರ ಬೇರೆ.

ಸುಮ್ನೆಓದುಗ:

ನಿಲ್ಲಿ ಸಾರ್, ಎರಡು ವರ್ಷದಲ್ಲಿ ಪ್ರಚಾರವೂ ಜಾಸ್ತಿ ಆಗಿರುತ್ತದಲ್ವಾ? ಎಲ್ಲ ವಾಕ್ಯದ ಮಹಿಮೆ ಅಂತ ಹೇಗೆ ಹೇಳುತ್ತೀರಿ?

ನಕ್ಷೆಪೆಟ್ಟಿಗೆ:

ಒಪ್ಪಿದೆ, ಅದೂ ಸೇರಿಕೊಂಡಿರುತ್ತದೆ. ಆದರೆ ಅಮೆರಿಕದ್ದೇ ಇನ್ನೊಂದು ರಾಜ್ಯ ಲೂಸಿಯಾನಾ ನೋಡಿ. 2022ರಲ್ಲಿ ಅಲ್ಲೂ ಇದೇ ಗುಲಾಮಗಿರಿ ತಿದ್ದುಪಡಿ ಮತಕ್ಕೆ ಬಂತು. ತಿದ್ದುಪಡಿ ತಂದ ಶಾಸಕರೇ ಆಮೇಲೆ ಜನರ ಮುಂದೆ ಬಂದು, ಪದಗಳು ಗೋಜಲಾಗಿವೆ, ದಯವಿಟ್ಟು ಇದಕ್ಕೆ ವಿರುದ್ಧ ಮತ ಹಾಕಿ ಅಂದರು! ತಿದ್ದುಪಡಿ ಬಿದ್ದುಹೋಯಿತು. ಇನ್ನೊಬ್ಬರು ಹೇಳಬೇಕಿಲ್ಲ, ಬರೆಸಿದವರಿಗೇ ವಾಕ್ಯದ ಭಯ.

ಎಣಿಕೆಮೇಜು:

ಯಾರು ಬರೆಯುತ್ತಾರೆ ಅಂತ ಕೇಳಿದಿರಲ್ಲ. ಬಹುತೇಕ ಕಡೆ ಮತಕ್ಕೆ ಹಾಕುವ ಸರ್ಕಾರವೇ ಬರೆಯುತ್ತದೆ, ಅಥವಾ ಸಹಿ ಸಂಗ್ರಹಿಸಿ ಅರ್ಜಿ ಕೊಟ್ಟ ಗುಂಪು. ಅಂದರೆ ಗೆಲ್ಲಬೇಕು ಅಂತ ಆಸೆ ಇರುವವರ ಕೈಯಲ್ಲೇ ಪೆನ್ನು. ತೊಂದರೆ ಅಲ್ಲಿಂದಲೇ ಶುರು.

ಬ್ರಿಟನ್‌ನಲ್ಲಿ ಇದಕ್ಕೊಂದು ತಡೆ ಇದೆ. 2000ದ ಕಾಯಿದೆ ಪ್ರಕಾರ ಅಲ್ಲಿನ ಚುನಾವಣಾ ಆಯೋಗ ಪ್ರಶ್ನೆಯನ್ನು ಓದಿ, ಅರ್ಥವಾಗುತ್ತಾ ಇಲ್ಲವಾ ಅಂತ ಅಭಿಪ್ರಾಯ ಹೇಳಬೇಕು. ಅವರು ಮೇಜಿನ ಮುಂದೆ ಕೂತು ಹೇಳಿಬಿಡುವುದಿಲ್ಲ. ಸಾಮಾನ್ಯ ಜನರನ್ನು ಕರೆದು, ಚೀಟಿ ಕೈಗೆ ಕೊಟ್ಟು, ಓದಿಸಿ, ಏನು ಅರ್ಥ ಆಯಿತು ಅಂತ ಕೇಳುತ್ತಾರೆ.

ಸ್ಕಾಟ್ಲೆಂಡ್ ಸರ್ಕಾರ ಮೊದಲು ಬರೆದದ್ದು: “ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ?” ಆಯೋಗ 2013ರಲ್ಲಿ ಇದು ಬೇಡ ಅಂದಿತು. ‘ಒಪ್ಪುತ್ತೀರಾ’ ಅನ್ನುವ ಪದವೇ ಜನರನ್ನು ಹೌದು ಕಡೆ ತಳ್ಳುತ್ತದೆ ಅಂತ ಪರೀಕ್ಷೆಯಲ್ಲಿ ಕಂಡುಬಂದಿತ್ತು. ಹಾಗಾಗಿ 2014ರ ಸೆಪ್ಟೆಂಬರ್ 18ರಂದು ಜನ ಓದಿದ್ದು: “ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?” ಅಷ್ಟೇ. ಇಂಗ್ಲಿಷಿನಲ್ಲಿ ಆರು ಪದ. ಶೇ. 55.3 ಮಂದಿ ಬೇಡ ಅಂದರು. ಸೋತವರೂ ಪ್ರಶ್ನೆ ಅರ್ಥವಾಗಲಿಲ್ಲ ಅಂತ ಗೊಣಗಲಿಲ್ಲ.

ಅಲ್ಪವಿರಾಮ:

‘ಒಪ್ಪುತ್ತೀರಾ’ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಅದರ ಭಾರ ಇನ್ನೂ ಜಾಸ್ತಿ. ಎದುರಿಗಿರುವವರಿಗೆ ‘ಒಪ್ಪಲ್ಲ’ ಅನ್ನುವುದು ಜಗಳಕ್ಕೆ ನಿಂತ ಹಾಗೆ ಕೇಳಿಸುತ್ತದೆ. ‘ಬೇಡ’ ಅನ್ನುವುದು ಹಾಗಲ್ಲ, ಅದು ನನ್ನ ಇಷ್ಟ ಅಷ್ಟೇ. ಇನ್ನು ಬಾಲದಲ್ಲಿ ‘ಅಲ್ಲವೇ’ ಸೇರಿಸಿಬಿಟ್ಟರೆ ಅದು ಪ್ರಶ್ನೆಯೇ ಅಲ್ಲ, ತಲೆಯಾಡಿಸಿ ಅಂತ ಅಪ್ಪಣೆ.

ಇದೇ ಜಾತಿಯ ಇನ್ನೊಂದು. 1941ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡುವುದನ್ನು ‘ನಿಷೇಧಿಸಬೇಕೇ’ ಅಂತ ಕೆಲವರಿಗೆ, ‘ಅವಕಾಶ ಕೊಡಬೇಕೇ’ ಅಂತ ಕೆಲವರಿಗೆ ಕೇಳಿದರು. ನಿಷೇಧಿಸಿ ಅಂದವರಿಗಿಂತ ಅವಕಾಶ ಬೇಡ ಅಂದವರು ಹೆಚ್ಚುಕಡಿಮೆ 20 ಶೇಕಡಾ ಜಾಸ್ತಿ! ಎರಡರ ಫಲ ಒಂದೇ ಅಲ್ವಾ? ಆದರೆ ‘ನಿಷೇಧ’ ಅಂದರೆ ಪೊಲೀಸರ ಲಾಠಿ ಕಾಣಿಸುತ್ತದೆ. ‘ಅವಕಾಶ ಇಲ್ಲ’ ಅಂದರೆ ಒಂದು ಮುಚ್ಚಿದ ಬಾಗಿಲು, ಅಷ್ಟೇ.

ಸುಮ್ನೆಓದುಗ:

ಇದು ಸಮೀಕ್ಷೆ. ಯಾರೋ ಬಂದು ಫಟ್ಟಂತ ಕೇಳಿದಾಗ ಪದ ಪರಿಣಾಮ ಬೀರುತ್ತದೆ, ಒಪ್ಪುತ್ತೇನೆ. ಜನಮತಗಣನೆ ಹಾಗಲ್ಲ. ತಿಂಗಳುಗಟ್ಟಲೆ ಟಿವಿ, ಗೋಡೆ ಬರಹ, ಮನೆಯಲ್ಲಿ ಜಗಳ ಎಲ್ಲ ಆಗಿರುತ್ತದೆ. ಮತ ಹಾಕುವ ಹೊತ್ತಿಗೆ ಪ್ರಶ್ನೆ ಓದುವವರು ಯಾರು?

ಐರ್ಲೆಂಡ್ ನೋಡಿ. 2018ರ ಮೇ 25ರಂದು ಗರ್ಭಪಾತದ ಬಗ್ಗೆ ಮತ. ಚೀಟಿಯಲ್ಲಿ ಗರ್ಭಪಾತ ಅನ್ನುವ ಪದವೇ ಇರಲಿಲ್ಲ. ಕೆಳಗೆ ಹೇಳಿದ ಮಸೂದೆಯಲ್ಲಿರುವ ತಿದ್ದುಪಡಿಗೆ ನಿಮ್ಮ ಒಪ್ಪಿಗೆ ಇದೆಯೇ, ಸಂವಿಧಾನದ 36ನೇ ತಿದ್ದುಪಡಿ ಮಸೂದೆ 2018. ಇಷ್ಟೇ! ಒಬ್ಬರಿಗಾದರೂ ಗೊಂದಲ ಆಯಿತಾ? ಶೇ. 66.4 ಮಂದಿ ಹೌದು ಅಂದರು. ಬೇಕಾದ್ದನ್ನು ಗೊತ್ತಿದ್ದೇ ಒತ್ತಿದರು.

ಇನ್ನೂ ಮುಂದೆ ಹೋಗಿ. ಟರ್ಕಿಯಲ್ಲಿ 2017ರ ಏಪ್ರಿಲ್ 16ರ ಚೀಟಿಯಲ್ಲಿ ಪ್ರಶ್ನೆಯೇ ಇರಲಿಲ್ಲ. ಬಿಳಿ ಬಣ್ಣದ ಮೇಲೆ ಹೌದು, ಕಂದು ಬಣ್ಣದ ಮೇಲೆ ಇಲ್ಲ. ದೇಶದ ಆಡಳಿತ ಪದ್ಧತಿಯೇ ಬದಲಾಯಿತು.

ಎಣಿಕೆಮೇಜು:

ಪ್ರಶ್ನೆಯೇ ಇಲ್ಲದ ಪ್ರಶ್ನೆಪತ್ರಿಕೆ. ಪಾಸು ಮಾಡುವುದು ಸುಲಭ ಬಿಡಿ.

ಗಡಿಯಾರದಮುಳ್ಳು:

ಸುಮ್ನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸಿಹಿ ಪ್ರಶ್ನೆ ಬರೆದವರೆಲ್ಲ ಗೆದ್ದಿಲ್ಲ. ಇಟಲಿಯಲ್ಲಿ 2016ರ ಡಿಸೆಂಬರ್ 4ರ ಚೀಟಿ ಜಾಹೀರಾತಿನ ಹಾಗೆ ಇತ್ತು. ಸಂಸದರ ಸಂಖ್ಯೆ ಕಡಿಮೆ ಮಾಡುವ, ಸಂಸ್ಥೆಗಳ ಖರ್ಚು ಹಿಡಿತಕ್ಕೆ ತರುವ ತಿದ್ದುಪಡಿ ನಿಮಗೆ ಒಪ್ಪಿಗೆಯೇ ಅಂತ. ಖರ್ಚು ಕಡಿಮೆ ಮಾಡುವುದು ಬೇಡ ಅಂತ ಯಾರಾದರೂ ಹೇಳುತ್ತಾರಾ? ಶೇ. 59 ಮಂದಿ ಹೇಳಿದರು.

ಅದೇ ಇಟಲಿಯಲ್ಲಿ 1974ರಲ್ಲಿ ವಿಚ್ಛೇದನದ ಮೇಲೆ ಮತ ನಡೆಯಿತು. ಅಲ್ಲಿ ಜಾರಿಯಲ್ಲಿರುವ ಕಾನೂನನ್ನು ರದ್ದು ಮಾಡಬೇಕೇ ಅಂತ ಕೇಳುವ ಪದ್ಧತಿ. ಹಾಗಾಗಿ ವಿಚ್ಛೇದನ ಬೇಕು ಅನ್ನುವವರು ‘ಇಲ್ಲ’ ಅನ್ನಬೇಕು, ಬೇಡ ಅನ್ನುವವರು ‘ಹೌದು’ ಅನ್ನಬೇಕು. ಕೇಳಿದರೆ ನಮ್ಮ ಬೆಂಚಿನವರ ಚೀಟಿ ಹಾಗೇ ಇದೆ. ಆದರೆ ಜನ ಸರಿಯಾಗಿ ಲೆಕ್ಕ ಹಾಕಿ ಶೇ. 59 ‘ಇಲ್ಲ’ ಅಂದರು, ಕಾನೂನು ಉಳಿಯಿತು.

ನಕ್ಷೆಪೆಟ್ಟಿಗೆ:

ಸರಿ, ಹಾಗಾದರೆ ನಾನು ಬೇರೆ ಕಡೆಯಿಂದ ಬರುತ್ತೇನೆ. ಚೀಟಿಯಲ್ಲಿ ಬರೆದ ಪದಕ್ಕಿಂತ ಬರೆಯದೆ ಬಿಟ್ಟದ್ದು ಮುಖ್ಯ.

2018ರ ಸೆಪ್ಟೆಂಬರ್ 30. ಮೆಸಿಡೋನಿಯಾ ತನ್ನ ಹೆಸರನ್ನು ಉತ್ತರ ಮೆಸಿಡೋನಿಯಾ ಅಂತ ಬದಲಿಸಿಕೊಳ್ಳಬೇಕು ಅಂತ ಗ್ರೀಸ್ ಜೊತೆ ಒಪ್ಪಂದ ಆಗಿತ್ತು. ಜನಮತಗಣನೆ ನಡೆದದ್ದೇ ಅದರ ಮೇಲೆ. ಚೀಟಿಯಲ್ಲಿದ್ದ ಪ್ರಶ್ನೆ: “ಮೆಸಿಡೋನಿಯಾ ಗಣರಾಜ್ಯ ಮತ್ತು ಗ್ರೀಸ್ ಗಣರಾಜ್ಯದ ನಡುವಿನ ಒಪ್ಪಂದವನ್ನು ಸ್ವೀಕರಿಸುವ ಮೂಲಕ ನೇಟೋ ಮತ್ತು ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕೆ ನೀವು ಪರವಾಗಿದ್ದೀರಾ?”

ಹೊಸ ಹೆಸರು ಎಲ್ಲಿ? ಹುಡುಕಿ. ಇಲ್ಲ. ಹೆಸರು ಬದಲಾಗುತ್ತದೆ ಅನ್ನುವ ಮಾತೂ ಇಲ್ಲ. ಮುಂದೆ ಬೆಲ್ಲ, ಒಳಗೆ ಮಾತ್ರೆ. ಮತ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹೌದು ಅಂದರು, ಆದರೆ ಮತಗಟ್ಟೆಗೆ ಬಂದವರೇ ಶೇ. 37ರಷ್ಟು. ಬೇಡ ಅನ್ನುವವರು ಮನೆಯಲ್ಲೇ ಉಳಿದರು.

ಗಡಿಯಾರದಮುಳ್ಳು:

ಎರಡು ವಿಷಯ ಒಂದೇ ಹಗ್ಗದಲ್ಲಿ ಕಟ್ಟುವುದು ಹಳೆಯ ಉಪಾಯ. 1975ರಲ್ಲಿ ಸಿಕ್ಕಿಂನಲ್ಲೂ ಹಾಗೇ. ಚೋಗ್ಯಾಲ್ ಅಂದರೆ ಅಲ್ಲಿನ ರಾಜ. ಆ ಪದವಿ ರದ್ದು, ಇನ್ನು ಮುಂದೆ ಸಿಕ್ಕಿಂ ಭಾರತದ ಘಟಕ, ಎರಡೂ ಒಂದೇ ಪ್ರಸ್ತಾಪದಲ್ಲಿ. ಪರವಾಗಿ 59,637 ಮತ, ವಿರುದ್ಧ 1,496. ಇಷ್ಟು ಅಂತರ ಇರುವಾಗ ಬಿಡಿಸಿ ಕೇಳಿದ್ದರೂ ಫಲ ಅದೇ ಬರುತ್ತಿತ್ತೇನೋ. ಆದರೆ ರಾಜ ಬೇಡ, ಸೇರುವುದೂ ಬೇಡ ಅನ್ನುವವರು ಎಷ್ಟಿದ್ದರು? ಆ ಚೀಟಿಯಿಂದ ಅದು ತಿಳಿಯುವುದಿಲ್ಲ.

1938ರ ಏಪ್ರಿಲ್ 10ರಂದು ಆಸ್ಟ್ರಿಯಾದಲ್ಲಿ ಜರ್ಮನಿ ಜೊತೆ ಸೇರಿದ್ದಕ್ಕೆ ಒಪ್ಪಿಗೆ ಮತ್ತು ಹಿಟ್ಲರ್‌ನ ಅಭ್ಯರ್ಥಿಗಳ ಪಟ್ಟಿಗೆ ಮತ, ಎರಡೂ ಒಂದೇ ವಾಕ್ಯದಲ್ಲಿ. ಸಾಲದ್ದಕ್ಕೆ ಹೌದು ಅನ್ನಲು ನಡುವೆ ಒಂದು ದೊಡ್ಡ ವೃತ್ತ, ಇಲ್ಲ ಅನ್ನಲು ಪಕ್ಕದಲ್ಲಿ ಪುಟ್ಟ ವೃತ್ತ. ಆ ಚೀಟಿಯ ಚಿತ್ರ ನೋಡಿದರೆ ಜರ್ಮನ್ ಬಾರದವರಿಗೂ ಉತ್ತರ ಯಾವುದು ಅಂತ ಗೊತ್ತಾಗುತ್ತದೆ.

ಮೂರನೇಬೆಂಚು:

ಅಬ್ಬಾ! ಚೌಕ ಚಿಕ್ಕದು ದೊಡ್ಡದು ಮಾಡುವುದೂ ಉಂಟಾ?

ಗಡಿಯಾರದಮುಳ್ಳು:

ಉಂಟು ಮಾರಾಯ್ರೆ. ಚಿಲಿಯಲ್ಲಿ 1978ರ ಜನವರಿಯ ಚೀಟಿಯಲ್ಲಿ ಹೌದು ಪಕ್ಕ ದೇಶದ ಬಾವುಟ, ಇಲ್ಲ ಪಕ್ಕ ಕಪ್ಪು ಬಾವುಟ. ಪ್ರಶ್ನೆ ಶುರುವಾಗುವುದೇ ‘ನಮ್ಮ ತಾಯ್ನಾಡಿನ ಮೇಲೆ ನಡೆದಿರುವ ಅಂತರರಾಷ್ಟ್ರೀಯ ದಾಳಿಯ ಎದುರು’ ಅಂತ. ಗ್ರೀಸ್‌ನಲ್ಲಿ 2015ರ ಜುಲೈ 5ರಂದು, ಸಾಲ ಕೊಟ್ಟವರ ಷರತ್ತು ಒಪ್ಪಬೇಕೇ ಅನ್ನುವ ಮತಕ್ಕೆ, ‘ಇಲ್ಲ’ವನ್ನು ಮೇಲೆ ಅಚ್ಚು ಹಾಕಿ ‘ಹೌದು’ ಕೆಳಗೆ ಹಾಕಿದರು. ಸರ್ಕಾರಕ್ಕೆ ಬೇಕಿದ್ದದ್ದೂ ‘ಇಲ್ಲ’ವೇ. ಪ್ರಶ್ನೆಯಲ್ಲಿ ಎರಡು ದಾಖಲೆಗಳ ಹೆಸರು. ಒಂದರ ಹೆಸರು ‘ಪ್ರಾಥಮಿಕ ಸಾಲ ಸುಸ್ಥಿರತೆ ವಿಶ್ಲೇಷಣೆ’. ಓದಿ ಬನ್ನಿ ಅಂತ ಕೊಟ್ಟದ್ದು ಒಂದು ವಾರ.

ಅಲ್ಪವಿರಾಮ:

ಉದ್ದದ ವಿಷಯ ಬಂತು, ಕೆನಡಾದ ಕ್ವಿಬೆಕ್ ಪ್ರಾಂತ ಬಿಟ್ಟರೆ ಹೇಗೆ? 1995ರ ಅಕ್ಟೋಬರ್ 30ರ ಪ್ರಶ್ನೆಯನ್ನು ಕನ್ನಡಕ್ಕೆ ತಂದು ನೋಡಿದೆ:

“ಕೆನಡಾಕ್ಕೆ ಹೊಸ ಆರ್ಥಿಕ ಮತ್ತು ರಾಜಕೀಯ ಪಾಲುದಾರಿಕೆಯ ವಿಧಿವತ್ತಾದ ಪ್ರಸ್ತಾಪವನ್ನು ಮುಂದಿಟ್ಟ ಮೇಲೆ, ಕ್ವಿಬೆಕ್‌ನ ಭವಿಷ್ಯ ಕುರಿತ ಮಸೂದೆ ಹಾಗೂ 1995ರ ಜೂನ್ 12ರಂದು ಸಹಿಯಾದ ಒಪ್ಪಂದದ ವ್ಯಾಪ್ತಿಯಲ್ಲಿ, ಕ್ವಿಬೆಕ್ ಸಾರ್ವಭೌಮ ಆಗಬೇಕೆಂಬುದನ್ನು ನೀವು ಒಪ್ಪುತ್ತೀರಾ?”

ಇಂಗ್ಲಿಷ್, ಫ್ರೆಂಚ್‌ನಲ್ಲಿ ಮುಖ್ಯ ಮಾತು ಮೊದಲೇ ಬಂದುಬಿಡುತ್ತದೆ, ಷರತ್ತುಗಳೆಲ್ಲ ಹಿಂದೆ. ಕನ್ನಡದಲ್ಲಿ ಎಲ್ಲ ಮೂಟೆ ಹೊತ್ತುಕೊಂಡು ಕೊನೆಯ ಪದದವರೆಗೆ ನಡೆಯಬೇಕು, ಆಮೇಲೆ ಕ್ರಿಯಾಪದ ಸಿಗುತ್ತದೆ. ನಮ್ಮ ಭಾಷೆಯಲ್ಲಿ ಪ್ರಶ್ನೆ ಬರೆಯುವವರಿಗೆ ಇದು ಮೊದಲ ಪಾಠ ಆಗಬೇಕು. ಒಂದು ಉದ್ದ ವಾಕ್ಯಕ್ಕಿಂತ ಎರಡು ಗಿಡ್ಡ ವಾಕ್ಯ ಒಳ್ಳೆಯದು. ಮೊದಲನೆಯದು ಈಗ ಏನಿದೆ ಅಂತ ಹೇಳಲಿ, ಎರಡನೆಯದು ಕೇಳಲಿ.

ಇನ್ನೊಂದು. ಆ ಜೂನ್ 12ರ ಒಪ್ಪಂದ ಕೆನಡಾ ಜೊತೆ ಆದದ್ದೇ ಅಲ್ಲ. ಕ್ವಿಬೆಕ್‌ನ ಮೂರು ಪಕ್ಷದ ನಾಯಕರು ತಮ್ಮತಮ್ಮಲ್ಲೇ ಮಾಡಿಕೊಂಡದ್ದು. ಚೀಟಿ ಓದಿದವರಿಗೆ ಅದು ತಿಳಿಯುತ್ತದಾ?

ಎಣಿಕೆಮೇಜು:

ಫಲಿತಾಂಶ ಇಲ್ಲ ಶೇ. 50.58, ಹೌದು ಶೇ. 49.42. ಅಂತರ 54,288 ಮತ. ಮತ ಹಾಕಿದವರು ಶೇ. 93ಕ್ಕಿಂತ ಜಾಸ್ತಿ. ಇಂಥ ಅಂತರ ಇರುವಲ್ಲಿ ಪ್ರಶ್ನೆ ಓದಿ ತಬ್ಬಿಬ್ಬಾದವರು ಸಾವಿರಕ್ಕೆ ಹತ್ತು ಜನ ಇದ್ದರೂ ಸಾಕು.

ಅದಾದ ಮೇಲೆ 1998ರಲ್ಲಿ ಕೆನಡಾ ಸುಪ್ರೀಂ ಕೋರ್ಟ್, ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಸಿಕ್ಕರೆ ಮಾತ್ರ ಉಳಿದವರು ಮಾತುಕತೆಗೆ ಕೂರಬೇಕು ಅಂತ ಹೇಳಿತು. 2000ದಲ್ಲಿ ಅದಕ್ಕೊಂದು ಕಾಯಿದೆಯೂ ಬಂತು. ಪ್ರಶ್ನೆಯ ಸ್ಪಷ್ಟತೆಗೇ ಒಂದು ಕಾಯಿದೆ!

ಸುಮ್ನೆಓದುಗ:

ಆಯಿತಪ್ಪಾ. ಅಂದರೆ ಸ್ಪಷ್ಟ ಪ್ರಶ್ನೆ ಕೇಳಿದರೆ ಎಲ್ಲ ಸರಿಹೋಗುತ್ತೆ ಅಂತೀರಾ? ಬ್ರಿಟನ್ 2016ರಲ್ಲಿ ಕೇಳಿದ್ದಕ್ಕಿಂತ ಸ್ಪಷ್ಟ ಬೇಕಾ? ಮೊದಲ ಮಸೂದೆಯಲ್ಲಿ ‘ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಹೌದು ಇಲ್ಲ’ ಅಂತ ಇತ್ತು. ನಿಮ್ಮ ಅದೇ ಆಯೋಗ, ಒಂದೇ ಪಕ್ಷದ ಮಾತು ಬರುತ್ತಿದೆ, ಎರಡೂ ಬರಲಿ ಅಂದಿತು. ಕೊನೆಗೆ ‘ಸದಸ್ಯನಾಗಿ ಉಳಿಯಬೇಕೇ ಅಥವಾ ಬಿಡಬೇಕೇ’ ಅಂತ ಕೇಳಿ, ಕೆಳಗೆ ಉಳಿಯಬೇಕು, ಬಿಡಬೇಕು ಅಂತಲೇ ಬರೆದರು. ಅಲ್ಪವಿರಾಮ ಅವರ ಬೇಕು-ಬೇಡ ಸೂತ್ರವೇ. ಶೇ. 51.9 ಬಿಡಬೇಕು ಅಂದರು. ಆಮೇಲೆ? ಬಿಡುವುದು ಅಂದರೆ ಏನು ಅಂತ 2020ರ ಜನವರಿ 31ರವರೆಗೆ ಹೊಡೆದಾಡಿದರು. ಒಕ್ಕೂಟದ ಮಾರುಕಟ್ಟೆಯಲ್ಲಿ ಇರುವುದೋ ಬೇಡವೋ, ಗಡಿ ಎಲ್ಲಿ, ಒಂದೂ ಚೀಟಿಯಲ್ಲಿ ಇರಲಿಲ್ಲ.

ನಕ್ಷೆಪೆಟ್ಟಿಗೆ:

ನೋಡಿ, ಈಗ ನೀವೇ ನನ್ನ ಮಾತು ಹೇಳಿದಿರಿ. ಬರೆಯದೆ ಬಿಟ್ಟದ್ದು!

ಪ್ರಶ್ನೆಯ ಮೋಸ ಗೆಲುವು ಸೋಲಿನಲ್ಲೇ ಕಾಣಿಸಬೇಕು ಅಂತೇನಿಲ್ಲ. ನೀವು ಹೇಳಿದ ಹಾಗೆ ಐರ್ಲೆಂಡ್‌ನವರು, ಇಟಲಿಯವರು ಏನೇ ಬರೆದರೂ ತಮಗೆ ಬೇಕಾದ್ದನ್ನು ಒತ್ತುತ್ತಾರೆ. ಆದರೆ ಮಾರನೇ ದಿನ ಆ ಫಲಿತಾಂಶ ಹಿಡಿದುಕೊಂಡು ಏನು ಮಾಡುವುದು? ಬೆಂಚಿನವರ ಸಭೆಯಲ್ಲೂ ಅದೇ ಅಲ್ವಾ ಆದದ್ದು. ಯಾರಿಗೂ ಮೋಸ ಆಗಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ಭಾನುವಾರ ಬೀಗ ಹಾಕಬೇಕಾ ಬೇಡವಾ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ಸ್ವೀಡನ್ 1980ರ ಮಾರ್ಚ್ 23ರಂದು ಅಣುಶಕ್ತಿ ಬಗ್ಗೆ ಕೇಳಿತು. ಮೂರು ಆಯ್ಕೆ. ಮೂರರಲ್ಲೂ ಇವತ್ತಲ್ಲ ನಾಳೆ ಅಣುಶಕ್ತಿಯನ್ನು ನಿಲ್ಲಿಸುವುದೇ. ಮುಂದುವರಿಸೋಣ ಅನ್ನುವವರಿಗೆ ಚೀಟಿಯೇ ಇಲ್ಲ. ಮೊದಲನೆಯ ಮತ್ತು ಎರಡನೆಯ ಚೀಟಿಯ ಮುಂದಿನ ಪುಟ ಒಂದೇ ಥರ, ಎರಡನೆಯದಕ್ಕೆ ಹಿಂದುಗಡೆ ಒಂದಿಷ್ಟು ಹೆಚ್ಚು ಬರೆದಿತ್ತು. ಶೇ. 18.9, 39.1, 38.7. ಇದರಲ್ಲಿ ಜನ ಏನು ಹೇಳಿದರು ಅಂತ ಓದುತ್ತೀರಿ?

ಗಡಿಯಾರದಮುಳ್ಳು:

ಆಯ್ಕೆಯೇ ಇಲ್ಲದ್ದಕ್ಕೆ ಹತ್ತಿರದ್ದು ಗೋವಾ. 1967ರ ಜನವರಿ 16. ಮಹಾರಾಷ್ಟ್ರ ಸೇರುವುದಾದರೆ ಹೂವಿನ ಗುರುತು, ಕೇಂದ್ರಾಡಳಿತದಲ್ಲೇ ಉಳಿಯುವುದಾದರೆ ಎರಡೆಲೆ. ಓದು ಬಾರದವರಿಗೂ ಗೊತ್ತಾಗುವ ಚೀಟಿ, ಅಚ್ಚುಕಟ್ಟು. ಎರಡೆಲೆ 34,021 ಮತಗಳಿಂದ ಗೆದ್ದಿತು. ಆದರೆ ಸ್ವಂತ ರಾಜ್ಯ ಬೇಕು ಅನ್ನುವವರಿಗೆ ಗುರುತು ಇರಲಿಲ್ಲ. ಅದು ಬಂದದ್ದು 1987ರ ಮೇ 30ಕ್ಕೆ.

ಅಮೆರಿಕದ ಅಧೀನದಲ್ಲಿರುವ ಪೋರ್ಟೊರಿಕೊ ದ್ವೀಪದವರು ಇದಕ್ಕೆ ಮದ್ದು ಕಂಡುಹಿಡಿದಿದ್ದಾರೆ. ದ್ವೀಪದ ಸ್ಥಾನಮಾನ ಏನಾಗಬೇಕು ಅಂತ ಕೇಳಿದ 1998ರ ಚೀಟಿಯಲ್ಲಿ ‘ಮೇಲಿನ ಯಾವುದೂ ಅಲ್ಲ’ ಅಂತಲೂ ಒಂದು ಸಾಲು ಇತ್ತು. ಶೇ. 50.3 ಪಡೆದು ಅದೇ ಗೆದ್ದಿತು 😄

ಎಣಿಕೆಮೇಜು:

ಗೆದ್ದದ್ದು ಯಾರು ಅಂತ ಘೋಷಿಸಿದವರ ಮುಖ ನೋಡಬೇಕಿತ್ತು.

ಗುರುತು ಅಂದಾಗ ನೆನಪಾಯಿತು. ಆಸ್ಟ್ರೇಲಿಯಾದಲ್ಲಿ ಚೌಕದೊಳಗೆ ಹೌದು ಅಥವಾ ಇಲ್ಲ ಅಂತ ಅಕ್ಷರದಲ್ಲೇ ಬರೆಯಬೇಕು. 2023ರ ಅಕ್ಟೋಬರ್ 14ರ ಮತಕ್ಕೆ ಮೊದಲು ಒಂದು ಗಲಾಟೆ ಎದ್ದಿತು. ಸರಿ ಗುರುತು ಹಾಕಿದರೆ ಹೌದು ಅಂತ ಎಣಿಸಬಹುದು, ಅಡ್ಡಗೀಟಿನ ಗುರುತು ಹಾಕಿದರೆ ಲೆಕ್ಕಕ್ಕಿಲ್ಲ. ಇದು ಒಂದು ಕಡೆಗೆ ಅನುಕೂಲ ಅಂತ ತಕರಾರು. ಆದರೆ ಎಣಿಸುವವರ ಕಷ್ಟ ನೋಡಿ. ಅಡ್ಡಗೀಟು ಅಂದರೆ ಕೆಲವರಿಗೆ ಬೇಡ, ಕೆಲವರಿಗೆ ಇದೇ ನನ್ನ ಆಯ್ಕೆ. ಫಾರಂಗಳಲ್ಲಿ ನಾವೇ ಎರಡೂ ಥರ ಬಳಸುತ್ತೇವಲ್ಲ.

ಅಲ್ಪವಿರಾಮ:

ಬೆಂಚಿನವರೇ, ಇಷ್ಟು ದೂರ ಸುತ್ತಿದ್ದಾಯಿತು. ನಿಮ್ಮ ಚೀಟಿ ರಿಪೇರಿ ಮಾಡೋಣ. ನನ್ನದು:

“ಈಗ ವಾಚನಾಲಯ ವಾರದ ಏಳು ದಿನವೂ ತೆರೆದಿರುತ್ತದೆ. ಭಾನುವಾರ ತೆರೆದಿರಬೇಕೇ, ಮುಚ್ಚಬೇಕೇ?”
ತೆರೆದಿರಬೇಕು. ಮುಚ್ಚಬೇಕು.

ಸುಮ್ನೆಓದುಗ:

ಮುಚ್ಚುವ ತೀರ್ಮಾನ ಆಗಿಹೋಗಿದೆಯಲ್ಲ. ‘ಈಗ ತೆರೆದಿರುತ್ತದೆ’ ಅಂದರೆ ನೀವು ತೆರೆಯುವ ಪಕ್ಷ ಅಂತಾಯಿತು.

ಅಲ್ಪವಿರಾಮ:

ಸಿಕ್ಕಿಹಾಕಿಕೊಂಡೆ. ಸರಿ: “ಸಮಿತಿಯು ಭಾನುವಾರ ವಾಚನಾಲಯ ಮುಚ್ಚಲು ತೀರ್ಮಾನಿಸಿದೆ. ಅದು ಇನ್ನೂ ಜಾರಿಗೆ ಬಂದಿಲ್ಲ.” ಆಮೇಲೆ ಪ್ರಶ್ನೆ ಅದೇ.

ನಕ್ಷೆಪೆಟ್ಟಿಗೆ:

ಅರ್ಧ ದಿನ ತೆರೆಯೋಣ ಅನ್ನುವವರು ಇದ್ದಾರಾ? ಇದ್ದರೆ ಅವರಿಗೂ ಸಾಲು ಬೇಕು. ಆದರೆ ಮೂರು ಸಾಲು ಹಾಕಿದರೆ ತೆರೆಯಲಿ ಅನ್ನುವವರ ಮತ ಎರಡಾಗಿ ಒಡೆಯುತ್ತದೆ, ಮುಚ್ಚಲಿ ಅನ್ನುವವರು ಕಡಿಮೆ ಇದ್ದರೂ ಗೆಲ್ಲುತ್ತಾರೆ.

ಸ್ವಿಟ್ಜರ್ಲೆಂಡ್‌ನವರು 1987ರಿಂದ ಇದಕ್ಕೆ ಒಳ್ಳೆಯ ದಾರಿ ಮಾಡಿಕೊಂಡಿದ್ದಾರೆ. ಜನರ ಪ್ರಸ್ತಾಪ ಒಂದು, ಸಂಸತ್ತಿನ ಬದಲಿ ಪ್ರಸ್ತಾಪ ಒಂದು ಇದ್ದರೆ ಎರಡಕ್ಕೂ ಹೌದು ಅನ್ನಬಹುದು. ಕೊನೆಗೆ ಮೂರನೇ ಪ್ರಶ್ನೆ: ಎರಡೂ ಗೆದ್ದರೆ ಯಾವುದು ಜಾರಿಗೆ ಬರಲಿ? ನೀವೂ ಹಾಗೇ ಮಾಡಿ. ಒಂದು, ಭಾನುವಾರ ತೆರೆಯಬೇಕೇ ಬೇಡವೇ. ಎರಡು, ತೆರೆಯುವುದಾದರೆ ಇಡೀ ದಿನವೋ ಅರ್ಧ ದಿನವೋ. ಎರಡನೆಯದಕ್ಕೆ ಎಲ್ಲರೂ ಉತ್ತರ ಕೊಡಲಿ, ಬೇಡ ಅಂದವರೂ.

ಮೂರನೇಬೆಂಚು:

ಇದು ಚೆನ್ನಾಗಿದೆ. ಬರೆದು ಕಾರ್ಯದರ್ಶಿಯವರಿಗೆ ಕೊಡುತ್ತೇನೆ.

ಎಣಿಕೆಮೇಜು:

ಕೊಡುವ ಮೊದಲು ಸಭೆಗೆ ಬಾರದ ನಾಲ್ಕು ಜನರಿಗೆ ಓದಿಸಿ. ಅರ್ಥ ಆಯಿತಾ ಅಂತ ಕೇಳಬೇಡಿ, ಎಲ್ಲರೂ ಆಯಿತು ಅಂತಾರೆ. ಯಾವುದಕ್ಕೆ ಗುರುತು ಹಾಕಿದಿರಿ, ಹಾಗೆ ಹಾಕಿದರೆ ಭಾನುವಾರ ಏನಾಗುತ್ತದೆ ಅಂತ ಕೇಳಿ.

ಮೂರನೇಬೆಂಚು:

ಮೂರು ದಿನದ ನಂತರ ಬರುತ್ತಿದ್ದೇನೆ. ನಾಲ್ಕು ಜನರಿಗೆ ಓದಿಸಿದೆ. ಮೂವರು ಸರಿಯಾಗಿ ಹೇಳಿದರು. ಒಬ್ಬರು, ಬೇಡ ಅಂದ ಮೇಲೆ ಎರಡನೇ ಪ್ರಶ್ನೆ ಯಾಕೆ ಅಂತ ಕೇಳಿದರು. ‘ಮೊದಲನೆಯದಕ್ಕೆ ಏನೇ ಉತ್ತರ ಕೊಟ್ಟಿದ್ದರೂ ಇದಕ್ಕೂ ಉತ್ತರಿಸಿ’ ಅಂತ ಒಂದು ಸಾಲು ಸೇರಿಸಿದೆ.

ಕಾರ್ಯದರ್ಶಿಯವರು ಓದಿ, ತುಂಬ ಚೆನ್ನಾಗಿದೆ ಅಂದರು. ಆದರೆ ಹಿಂದಿನ ಮತದಾನ ಇನ್ನೂ ಊರ್ಜಿತದಲ್ಲಿದೆಯಂತೆ. ಹೊಸ ಚೀಟಿ ಹಂಚುವ ಮೊದಲು ಅದನ್ನು ಏನು ಮಾಡಬೇಕು ಅಂತ ಸದಸ್ಯರನ್ನೇ ಕೇಳಬೇಕಂತೆ. ಅದಕ್ಕೆ ಅವರೇ ಒಂದು ಚೀಟಿ ತಯಾರು ಮಾಡಿದ್ದಾರೆ:

“ಹಿಂದಿನ ಸಭೆಯ ಫಲಿತಾಂಶವನ್ನು ರದ್ದುಪಡಿಸದಿರುವುದಕ್ಕೆ ತಮ್ಮ ಅಭ್ಯಂತರವೇನೂ ಇಲ್ಲವಲ್ಲವೇ?”

ಸುಮ್ನೆಓದುಗ:

ಹೌದು.